ಹೊಸ ಲ್ಯಾಪ್‌ಟಾಪ್‌ಗೆ ಹಳೆಯ ವಿಂಡೋಸ್ ಹಾಕಿಸಬೇಕೇ?

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ಡಿಟಿಪಿ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್, ಶಾಲೆಗಳ ಪ್ರಶ್ನೆಪತ್ರಿಕೆ ನಮ್ಮ ಮುಖ್ಯ ಕೆಲಸ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 7, ಪುಟ ಜೋಡಿಸುವ ಪೇಜ್‌ಮೇಕರ್ 7 ಮತ್ತು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಇವೆ. ಈಗ ಹೊಸ ಲ್ಯಾಪ್‌ಟಾಪ್ ಕೊಂಡಿದ್ದೇನೆ. 13ನೇ ತಲೆಮಾರಿನ ಇಂಟೆಲ್ ಐ5, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11 ಹೋಮ್. ಪೇಜ್‌ಮೇಕರ್ ಸುಮ್ನೆ ತೆರೆದರೆ ಎರರ್ ಬರುತ್ತದೆ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ನಡೆಯುತ್ತದೆ. ಆದರೆ ಅದರಲ್ಲಿ ನುಡಿಯಿಂದ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಅಕ್ಷರವೇ ಬೀಳುತ್ತದೆ. ಕೆಲವು ಫಾಂಟ್‌ಗಳು ಪಟ್ಟಿಯಲ್ಲೇ ಇಲ್ಲ. ಹಳೆಯದೊಂದು ಡಾಸ್ (ವಿಂಡೋಸ್‌ಗಿಂತ ಮುಂಚಿನ ವ್ಯವಸ್ಥೆ) ಬಿಲ್ಲಿಂಗ್ ಪ್ರೋಗ್ರಾಂ ಶುರುವೇ ಆಗುವುದಿಲ್ಲ. ಪರಿಚಯದ ಕಂಪ್ಯೂಟರ್ ರಿಪೇರಿಯವರು "ವಿಂಡೋಸ್ 7 ಹಾಕಿಬಿಡೋಣ, ಆಗಲಿಲ್ಲ ಅಂದ್ರೆ 10 ಹಾಕೋಣ" ಅನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ: ಹಾಕಿಸಬೇಡಿ. ವಿಂಡೋಸ್ 7 ಈ ಲ್ಯಾಪ್‌ಟಾಪ್‌ನಲ್ಲಿ ನೆಟ್ಟಗೆ ನಡೆಯುವುದಿಲ್ಲ. ವಿಂಡೋಸ್ 10 ನಡೆಯುತ್ತದೆ. ಆದರೆ ನೀವು ಹೇಳಿರುವ ಮೂರು ತೊಂದರೆಗಳಲ್ಲಿ ಒಂದನ್ನೂ ಅದು ಬಗೆಹರಿಸುವುದಿಲ್ಲ.

ಹಾಗಂತ ಪೇಜ್‌ಮೇಕರ್ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಲಗ್ನಪತ್ರಿಕೆಯ ಮಾದರಿಗಳು, ಬಾರ್ಡರ್‌ಗಳು, ಹೋದ ವರ್ಷದ ಪ್ರಶ್ನೆಪತ್ರಿಕೆಗಳು ನಿಮ್ಮ ಅಂಗಡಿಯ ನಿಜವಾದ ಆಸ್ತಿ. ಯಂತ್ರ ಬದಲಾಯಿತೆಂದು ಅದನ್ನು ಕಳೆದುಕೊಳ್ಳಬೇಕಿಲ್ಲ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಹಾಗೇ ಇರಲಿ. ಹಳೆಯ ವಿಂಡೋಸ್ ಬೇಕೇ ಬೇಕು ಎನ್ನುವ ಕೆಲಸಕ್ಕೆ ಅದನ್ನು ಈ ವಿಂಡೋಸ್ 11ರ ಒಳಗೇ ಹಾಕಿಕೊಳ್ಳಬಹುದು. ಅದಕ್ಕಿಂತ ಮೊದಲು ನಿಮ್ಮ ಮೊದಲ ಎರಡು ತೊಂದರೆ ನೋಡೋಣ. ಅವು ಅರ್ಧ ಗಂಟೆಯ ಕೆಲಸ. ಅವು ಸರಿಹೋದರೆ ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗ ಉಳಿಯುವುದೇ ಇಲ್ಲ.

ನುಡಿಯಿಂದ ಕನ್ನಡ ಯಾಕೆ ಬೀಳುತ್ತಿಲ್ಲ? ನುಡಿ ಹಿನ್ನೆಲೆಯಲ್ಲಿ ಕೂತು ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ ಹಿಡಿದು ಅದರ ಜಾಗದಲ್ಲಿ ಕನ್ನಡ ಅಕ್ಷರ ಕಳಿಸುತ್ತದೆ. ವಿಂಡೋಸ್ ವಿಸ್ಟಾ ಬಂದಾಗಿನಿಂದ ಇದಕ್ಕೊಂದು ಕಟ್ಟುಪಾಡು ಇದೆ. ಸಾಮಾನ್ಯ ಹಕ್ಕಿನಲ್ಲಿ ಓಡುವ ಪ್ರೋಗ್ರಾಂ, ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ಓಡುವ ಪ್ರೋಗ್ರಾಂನ ಕೀಲಿಗಳನ್ನು ಹಿಡಿಯುವಂತಿಲ್ಲ. ವೈರಸ್‌ಗಳು ಪಾಸ್‌ವರ್ಡ್ ಕದಿಯದಿರಲಿ ಎಂದು ಮಾಡಿದ ನಿಯಮ ಅದು. ನೀವು ಪೇಜ್‌ಮೇಕರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುತ್ತೀರಿ, ನುಡಿಯನ್ನು ಸುಮ್ನೆ ತೆರೆಯುತ್ತೀರಿ. ಅಲ್ಲಿಗೆ ನುಡಿಯ ಕೈ ಕಟ್ಟಿಹೋಯಿತು. ನುಡಿಯ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ನಂತರ ಕಂಪ್ಯಾಟಿಬಿಲಿಟಿ ಟ್ಯಾಬ್, ಅಲ್ಲಿ 'ರನ್ ದಿಸ್ ಪ್ರೋಗ್ರಾಂ ಆ್ಯಸ್ ಆ್ಯನ್ ಅಡ್ಮಿನಿಸ್ಟ್ರೇಟರ್' ಎಂಬುದಕ್ಕೆ ಟಿಕ್ ಹಾಕಿ. ಎರಡೂ ಒಂದೇ ಹಕ್ಕಿನಲ್ಲಿ ಓಡಲಿ. ನುಡಿಯ ಬದಲು ಬರಹ ತಂತ್ರಾಂಶ ಬಳಸುವವರಿಗೂ ಇದೇ ಮಾತು. ಒಂದು ವೇಳೆ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಯಾರೋ ಈ ಅನುಮತಿ ಕೇಳುವ ವ್ಯವಸ್ಥೆಯನ್ನೇ ಆಫ್ ಮಾಡಿಟ್ಟಿದ್ದರೆ, ಅಲ್ಲಿ ಈ ತೊಂದರೆ ಕಾಣಿಸಿಕೊಂಡಿರುವುದಿಲ್ಲ. ಹಾಗಾಗಿ ಇದು ವಿಂಡೋಸ್ 11ರ ದೋಷ ಎಂದು ಅನ್ನಿಸುವುದು ಸಹಜ.

ಇನ್ನೂ ಒಳ್ಳೆಯ ದಾರಿ ಬೇಕೆಂದರೆ ಪೇಜ್‌ಮೇಕರ್‌ಗೆ ಅಡ್ಮಿನಿಸ್ಟ್ರೇಟರ್ ಹಕ್ಕೇ ಬೇಡವಾಗುವಂತೆ ಮಾಡಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಆ ಕಾಲದ ತಂತ್ರಾಂಶಗಳು ತಮ್ಮ ಸೆಟ್ಟಿಂಗ್‌ಗಳನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲೇ ಬರೆದಿಟ್ಟುಕೊಳ್ಳುತ್ತಿದ್ದವು. ಈಗಿನ ವಿಂಡೋಸ್ ಅಲ್ಲಿ ಸುಮ್ನೆ ಬರೆಯಲು ಬಿಡುವುದಿಲ್ಲ. ಆದ್ದರಿಂದ ಒಮ್ಮೆ ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಹಾಕುವಾಗ ಪ್ರೋಗ್ರಾಂ ಫೈಲ್ಸ್ ಬಿಟ್ಟು ಸಿ ಡ್ರೈವ್‌ನಲ್ಲೇ ಬೇರೆ ಫೋಲ್ಡರ್ ಕೊಡಿ. ಎಷ್ಟೋ ಸಲ ಇಷ್ಟರಿಂದಲೇ ಎರರ್ ನಿಲ್ಲುತ್ತದೆ. ಆಗ ನುಡಿಯನ್ನೂ ಎಂದಿನಂತೆ ತೆರೆದರೆ ಸಾಕು.

ಇನ್ನು ಫಾಂಟ್. ವಿಂಡೋಸ್ 10ರ 2018ರ ಒಂದು ಅಪ್‌ಡೇಟ್‌ನಿಂದ ಫಾಂಟ್ ಹಾಕುವ ರೀತಿ ಬದಲಾಗಿದೆ. ಮೊದಲು ಫಾಂಟ್ ಹಾಕಿದರೆ ಇಡೀ ಕಂಪ್ಯೂಟರ್‌ಗೆ ಸೇರುತ್ತಿತ್ತು. ಈಗ ಬರೀ 'ಇನ್‌ಸ್ಟಾಲ್' ಒತ್ತಿದರೆ ನಿಮ್ಮ ಬಳಕೆದಾರ ಖಾತೆಗೆ ಮಾತ್ರ ಸೇರುತ್ತದೆ. ಹಳೆಯ ತಂತ್ರಾಂಶಗಳು ಆ ಜಾಗದಲ್ಲಿ ಹುಡುಕುವುದೇ ಇಲ್ಲ. ಫಾಂಟ್ ಫೈಲುಗಳನ್ನೆಲ್ಲ ಆಯ್ದುಕೊಂಡು ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಒತ್ತಿ. ವಿಂಡೋಸ್ 11ರಲ್ಲಿ ಅದು ಮೊದಲ ಮೆನುವಿನಲ್ಲಿ ಕಾಣದಿದ್ದರೆ 'ಶೋ ಮೋರ್ ಆಪ್ಷನ್ಸ್' ಒಳಗೆ ಇರುತ್ತದೆ. ಆಮೇಲೆ ಪೇಜ್‌ಮೇಕರ್ ಮುಚ್ಚಿ ತೆರೆಯಿರಿ. ಕಾಣದ ನುಡಿ ಫಾಂಟ್‌ಗಳು ಪಟ್ಟಿಗೆ ಬರಬೇಕು.

ನೋಡಿ, ಈ ಎರಡೂ ತೊಂದರೆ ವಿಂಡೋಸ್ 10ರಲ್ಲೂ ಹೀಗೇ ಇರುತ್ತಿದ್ದವು. ಅಲ್ಲಿಗೆ ಇಳಿದರೂ ನೀವು ಇದೇ ಪ್ರಶ್ನೆ ಕೇಳಬೇಕಾಗುತ್ತಿತ್ತು. ವಿಂಡೋಸ್ 11 ಒಳಗಿನ ಲೆಕ್ಕದಲ್ಲಿ ಇಂದಿಗೂ ತನ್ನನ್ನು 10.0 ಎಂದೇ ಹೇಳಿಕೊಳ್ಳುತ್ತದೆ. ಮೇಲಿನ ವೇಷ ಬೇರೆ, ತಳಪಾಯ ಹೆಚ್ಚು ಕಡಿಮೆ ಅದೇ. 64 ಬಿಟ್ (ಬಿಟ್ ಎಂದರೆ ಪ್ರೊಸೆಸರ್ ಒಂದೇ ಸಲಕ್ಕೆ ನಿಭಾಯಿಸುವ ಮಾಹಿತಿಯ ಅಳತೆ) ವಿಂಡೋಸ್ 10ರಲ್ಲಿ ಓಡುವ ಹಳೆಯ ತಂತ್ರಾಂಶ 11ರಲ್ಲಿ ಓಡದೇ ಇರುವುದು ಅಪರೂಪ.

ಈಗ ವಿಂಡೋಸ್ 7ರ ವಿಷಯ. ರಿಪೇರಿಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಹತ್ತು ವರ್ಷದ ಹಿಂದೆ ಹೊಸ ಲ್ಯಾಪ್‌ಟಾಪ್ ತಂದವರಿಗೆಲ್ಲ ಹೀಗೇ ಮಾಡಿಕೊಡುತ್ತಿದ್ದರು. ವಿಂಡೋಸ್ 8 ಬಂದಾಗ ಸ್ಟಾರ್ಟ್ ಮೆನುವೇ ಮಾಯವಾಗಿ ಎಷ್ಟೋ ಜನ 7ಕ್ಕೆ ಮರಳಿದ್ದರು, ಅದು ಸರಿಯಾಗಿಯೂ ನಡೆಯುತ್ತಿತ್ತು. ಆಮೇಲೆ ಯಂತ್ರಗಳೇ ಬದಲಾದವು.

ಕಾರಣ ಡ್ರೈವರ್. ವಿಂಡೋಸ್‌ಗೂ ಯಂತ್ರದ ಒಳಗಿನ ಒಂದೊಂದು ಬಿಡಿಭಾಗಕ್ಕೂ ನಡುವೆ ಒಬ್ಬ ದುಭಾಷಿ ಬೇಕು, ಅದೇ ಡ್ರೈವರ್. ಬಿಡಿಭಾಗ ತಯಾರಿಸಿದ ಕಂಪನಿ ಅದನ್ನು ಬರೆದುಕೊಡಬೇಕು. ವಿಂಡೋಸ್ 7 ಬಿಡುಗಡೆಯಾದದ್ದು 2009ರ ಅಕ್ಟೋಬರ್‌ನಲ್ಲಿ. ನಿಮ್ಮ ಪ್ರೊಸೆಸರ್‌ನಂಥದ್ದು ಅಂದು ಕಲ್ಪನೆಯಲ್ಲೂ ಇರಲಿಲ್ಲ. 2016ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಒಂದು ನಿಲುವು ಪ್ರಕಟಿಸಿತು. ಇನ್ನು ಮುಂದೆ ಬರುವ ಹೊಸ ಪ್ರೊಸೆಸರ್‌ಗಳಿಗೆ ಆಗಿನ ಹೊಸ ವಿಂಡೋಸ್‌ನಲ್ಲಿ ಮಾತ್ರ ಬೆಂಬಲ ಎಂದಿತು. ಇಂಟೆಲ್‌ನ 7ನೇ ತಲೆಮಾರಿನಿಂದಲೇ ಅದು ಜಾರಿಗೆ ಬಂತು. 2017ರಲ್ಲಿ ಅಂಥ ಯಂತ್ರಗಳಲ್ಲಿ ವಿಂಡೋಸ್ 7 ಹಾಕಿಕೊಂಡವರಿಗೆ ಅಪ್‌ಡೇಟ್‌ಗಳನ್ನೇ ನಿಲ್ಲಿಸಿತು. ನಿಮ್ಮದು 13ನೇ ತಲೆಮಾರು.

ಹಾಕಲು ಹೊರಟರೆ ಏನಾಗುತ್ತದೆ ಹೇಳುತ್ತೇನೆ. ಮೊದಲ ಅಡ್ಡಿ ಬೂಟ್ ಆಗುವುದರಲ್ಲೇ ಇದೆ. ವಿಂಡೋಸ್ 7 ಪರದೆಯ ಮೇಲೆ ಚಿತ್ರ ತರಲು ಹಳೆಯ ಬಯಾಸ್‌ನ (ಯಂತ್ರ ಆನ್ ಆದ ಕೂಡಲೇ ಮೊದಲು ಓಡುವ, ಯಂತ್ರದಲ್ಲೇ ಇರುವ ಪ್ರೋಗ್ರಾಂ) ಒಂದು ಸೌಲಭ್ಯವನ್ನು ಕೇಳುತ್ತದೆ. ಹೊಸ ಯಂತ್ರಗಳಲ್ಲಿ ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ. ಕೆಲವು ಕಾಲ ಯುಇಎಫ್‌ಐ ಒಳಗೆ ಹಳೆಯದಕ್ಕೆ ಹೊಂದಿಕೊಳ್ಳುವ ಸಿಎಸ್‌ಎಂ ಎಂಬ ಭಾಗ ಇಟ್ಟಿದ್ದರು. 2020ರ ಹೊತ್ತಿಗೆ ಅದನ್ನು ಕೈಬಿಡುವುದಾಗಿ ಇಂಟೆಲ್ 2017ರಲ್ಲೇ ಹೇಳಿತ್ತು. ಈಚಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ಇಲ್ಲ. ಹಾಗಾಗಿ ಇನ್‌ಸ್ಟಾಲ್ ಮಾಡಲು ಹೊರಟರೆ 'ಸ್ಟಾರ್ಟಿಂಗ್ ವಿಂಡೋಸ್' ಎಂಬಲ್ಲೇ ನಿಂತುಬಿಡುತ್ತದೆ.

ಅದನ್ನು ಹೇಗೋ ದಾಟಿಸಿದರು ಎನ್ನಿ. ಯುಎಸ್‌ಬಿಗೆ ಹಾಕುವ ಮೌಸ್, ಕೀಬೋರ್ಡ್, ಪೆನ್‌ಡ್ರೈವ್ ಕೆಲಸ ಮಾಡುವುದಿಲ್ಲ, ಯಾಕೆಂದರೆ ವಿಂಡೋಸ್ 7ರಲ್ಲಿ ಯುಎಸ್‌ಬಿ 3ರ ಡ್ರೈವರ್ ಇಲ್ಲ. ಎಸ್‌ಎಸ್‌ಡಿ ಕಾಣುವುದಿಲ್ಲ, ಈಗಿನ ಎಸ್‌ಎಸ್‌ಡಿಗಳಿಗೆ ಬೇಕಾದ ಎನ್‌ವಿಎಂಇ ಡ್ರೈವರ್ ಕೂಡ ಅದರಲ್ಲಿ ಇರಲಿಲ್ಲ. ಇವನ್ನೆಲ್ಲ ಸೇರಿಸಿಕೊಂಡ 'ರೆಡಿಮೇಡ್' ವಿಂಡೋಸ್ 7 ಪೆನ್‌ಡ್ರೈವ್‌ಗಳು ಓಡಾಡುತ್ತಿವೆ. ಒಳಗೆ ಇನ್ನೇನು ಸೇರಿಸಿದ್ದಾರೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಆ್ಯಕ್ಟಿವೇಟ್ ಮಾಡಲು ಕೊಡುವ ಚಿಕ್ಕ ಪ್ರೋಗ್ರಾಂಗಳು ಇನ್ನೂ ಅಪಾಯ. ನಿಮ್ಮ ಯುಪಿಐ, ಬ್ಯಾಂಕ್, ಜಿಎಸ್‌ಟಿ ಲಾಗಿನ್ ನಡೆಯುವ ಯಂತ್ರದಲ್ಲಿ ಅಂಥದ್ದಕ್ಕೆ ಜಾಗ ಕೊಡಬೇಡಿ.

ಅದನ್ನೂ ದಾಟಿದರು ಎನ್ನಿ. ಡಿಸ್‌ಪ್ಲೇಗೆ ಡ್ರೈವರ್ ಇಲ್ಲ. ಪರದೆ ತೀರಾ ಸಾಧಾರಣ ಮಟ್ಟದಲ್ಲಿ ನಡೆಯುತ್ತದೆ, ಬ್ರೈಟ್‌ನೆಸ್ ಬದಲಾಗುವುದಿಲ್ಲ, ಎಚ್‌ಡಿಎಂಐಗೆ ದೊಡ್ಡ ಮಾನಿಟರ್ ಹಾಕಿದರೆ ಚಿತ್ರ ಬರುವುದಿಲ್ಲ. ಟ್ರೇಸಿಂಗ್ (ಮುದ್ರಣಕ್ಕಾಗಿ ಟ್ರೇಸಿಂಗ್ ಕಾಗದದ ಮೇಲಿನ ಪ್ರಿಂಟ್) ತೆಗೆಯುವ ಮುಂಚೆ ಪುಟವನ್ನು ಕಣ್ಣಿಟ್ಟು ನೋಡಬೇಕಾದ ನಿಮ್ಮಂಥವರಿಗೆ ಇದು ದೊಡ್ಡ ನಷ್ಟ. ವೈಫೈ ಇಲ್ಲ. ಟಚ್‌ಪ್ಯಾಡ್ ಇಲ್ಲ. ಧ್ವನಿ ಇಲ್ಲ. ಮುಚ್ಚಳ ಮುಚ್ಚಿದರೆ ನಿದ್ದೆಗೆ ಜಾರುವ ವ್ಯವಸ್ಥೆಯೂ ಹೊಸ ಯಂತ್ರಗಳಲ್ಲಿ ಬೇರೆ ಬಗೆಯದು, ವಿಂಡೋಸ್ 7ಕ್ಕೆ ಗೊತ್ತಿಲ್ಲದ್ದು. ಅಷ್ಟು ದುಡ್ಡು ಕೊಟ್ಟು ತಂದ ಯಂತ್ರ ಹಳೆಯ ಡೆಸ್ಕ್‌ಟಾಪ್‌ಗಿಂತ ಕಡೆಯಾಗುತ್ತದೆ.

ವಿಂಡೋಸ್ 10 ಇಷ್ಟು ಕಷ್ಟ ಕೊಡುವುದಿಲ್ಲ. 13ನೇ ತಲೆಮಾರಿಗೆ ಅದರ ಡ್ರೈವರ್‌ಗಳು ಸಿಗುತ್ತವೆ. ಆದರೆ ಅದರ ಕಾಲ ಮುಗಿದಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿತು. ಮನೆ ಬಳಕೆದಾರರಿಗೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಎಂದು ಕೊಟ್ಟದ್ದು 2026ರ ಅಕ್ಟೋಬರ್ 13ರವರೆಗೆ ಎಂದು. ಹೊಸ ಯಂತ್ರವನ್ನು ಕೆಲವು ವರ್ಷ ಬಳಸಬೇಕೆಂದು ತಂದಿದ್ದೀರಿ, ಅಲ್ವಾ? ಅದಕ್ಕೆ ಆಯಸ್ಸು ತೀರಿದ ವಿಂಡೋಸ್ ಯಾಕೆ? ಪ್ರೊಸೆಸರ್ ವಿಷಯವೂ ಇದೆ. 12ನೇ ತಲೆಮಾರಿನಿಂದ ಇಂಟೆಲ್‌ನ ಬಹುತೇಕ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಎರಡು ಬಗೆಯ ಕೋರ್‌ಗಳು, ಅಂದರೆ ಕೆಲಸ ಮಾಡುವ ಘಟಕಗಳು, ಇರುತ್ತವೆ, ಕೆಲವು ವೇಗಕ್ಕೆ, ಕೆಲವು ಬ್ಯಾಟರಿ ಉಳಿತಾಯಕ್ಕೆ. ಯಾವ ಕೆಲಸವನ್ನು ಯಾವ ಕೋರ್‌ಗೆ ಕೊಡಬೇಕು ಎಂಬ ಹಂಚಿಕೆ ವಿಂಡೋಸ್ 11ರಲ್ಲಿ ಚೆನ್ನಾಗಿದೆ, 10ರಲ್ಲಿ ಅಷ್ಟಿಲ್ಲ. ಇನ್ನು ಲೈಸೆನ್ಸ್. ವಿಂಡೋಸ್ 11 ಪ್ರೊ ಜೊತೆ ಬಂದ ಯಂತ್ರಗಳಿಗೆ 10 ಪ್ರೊಗೆ ಇಳಿಯುವ ಹಕ್ಕು ಕೊಡುತ್ತಾರೆ. ಹೋಮ್‌ಗೆ ಆ ಹಕ್ಕಿಲ್ಲ. ನಿಮ್ಮದು ಹೋಮ್.

ಡಾಸ್ ಬಿಲ್ಲಿಂಗ್ ಪ್ರೋಗ್ರಾಂ ಒಂದೇ ಬೇರೆ ಬಗೆಯ ತೊಂದರೆ. ಅದು 16 ಬಿಟ್ ಕಾಲದ್ದು. 32 ಬಿಟ್ ವಿಂಡೋಸ್‌ನಲ್ಲಿ ಓಡುತ್ತದೆ, 64 ಬಿಟ್ ವಿಂಡೋಸ್ ಯಾವುದರಲ್ಲೂ ಓಡುವುದಿಲ್ಲ, ಅದು 7 ಇರಲಿ, 10 ಇರಲಿ. ವಿಂಡೋಸ್ 11ರಲ್ಲಂತೂ 32 ಬಿಟ್ ಆವೃತ್ತಿಯೇ ಇಲ್ಲ. 'ಹಾಗಾದರೆ 32 ಬಿಟ್‌ನ 10 ಹಾಕಿದರೆ?' ಎಂದು ರಿಪೇರಿಯವರು ಕೇಳಬಹುದು. ಸಿಎಸ್‌ಎಂ ಇಲ್ಲದ ಯಂತ್ರದಲ್ಲಿ 32 ಬಿಟ್ ವಿಂಡೋಸ್ ಬೂಟ್ ಆಗುವುದಿಲ್ಲ. ಹೇಗೋ ಬೂಟ್ ಆದರೂ 4 ಜಿಬಿಗಿಂತ ಜಾಸ್ತಿ ರ‍್ಯಾಮ್ ಅದಕ್ಕೆ ಬಳಸಲು ಬಾರದು, ನಿಮ್ಮ 16 ಜಿಬಿಯಲ್ಲಿ 12 ಜಿಬಿ ಸುಮ್ನೆ ಬಿದ್ದಿರುತ್ತದೆ.

ಇಲ್ಲೇ ವರ್ಚುವಲ್ ಮಷೀನ್ ಉಪಯೋಗಕ್ಕೆ ಬರುವುದು. ವಿಂಡೋಸ್ 11 ಒಳಗೆ ಒಂದು ಪ್ರೋಗ್ರಾಂ ತೆರೆಯುತ್ತೀರಿ, ಅದರ ಕಿಟಕಿಯಲ್ಲಿ ಇನ್ನೊಂದು ಪೂರ್ತಿ ಕಂಪ್ಯೂಟರ್ ಓಡುತ್ತದೆ. ಆ ಒಳಗಿನ ಕಂಪ್ಯೂಟರ್‌ಗೆ ಹಳೆಯ ಕಾಲದ ಸಾಧಾರಣ ಬಿಡಿಭಾಗಗಳೇ ಕಾಣುತ್ತವೆ. ಆದ್ದರಿಂದ ಮೇಲೆ ಹೇಳಿದ ಡ್ರೈವರ್ ಗೋಳು ಯಾವುದೂ ಇಲ್ಲ. ವರ್ಚುವಲ್‌ಬಾಕ್ಸ್ ಉಚಿತ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಕೂಡ 2024ರ ನವೆಂಬರ್‌ನಿಂದ ಅಂಗಡಿ ಬಳಕೆಗೂ ಉಚಿತ. ಯಾವುದಾದರೂ ಆಗುತ್ತದೆ. ನಾನು ವರ್ಚುವಲ್‌ಬಾಕ್ಸ್ ಲೆಕ್ಕದಲ್ಲಿ ಹೇಳುತ್ತೇನೆ.

ಹೊಸದಾಗಿ ವಿಂಡೋಸ್ 7 ಹಾಕುವುದಾದರೆ 32 ಬಿಟ್ ಆವೃತ್ತಿ ಆರಿಸಿ. 2 ಜಿಬಿ ರ‍್ಯಾಮ್, 40 ಜಿಬಿ ಡಿಸ್ಕ್ ಕೊಟ್ಟರೆ ಪೇಜ್‌ಮೇಕರ್ ಮತ್ತು ಬಿಲ್ಲಿಂಗ್ ಎರಡಕ್ಕೂ ಸಾಕು. ಯುಎಸ್‌ಬಿ ಸೆಟ್ಟಿಂಗ್‌ನಲ್ಲಿ 3.0 ಬೇಡ, 2.0 ಇಡಿ. ಗೆಸ್ಟ್ ಅಡಿಷನ್ಸ್ ಎಂಬುದನ್ನು ಮರೆಯದೆ ಹಾಕಿ. ಆಗಲೇ ಪರದೆ ದೊಡ್ಡದಾಗುವುದು, ಹೊರಗಿನ ಫೋಲ್ಡರ್ ಒಳಗೆ ಕಾಣುವುದು.

ನಿಮಗೆ ಇದಕ್ಕಿಂತ ಚೆನ್ನಾದ ದಾರಿ ಇದೆ. ನಿಮ್ಮ ಹಳೆಯ ಡೆಸ್ಕ್‌ಟಾಪನ್ನೇ ಇದ್ದಹಾಗೆ ಲ್ಯಾಪ್‌ಟಾಪ್ ಒಳಗೆ ತರಬಹುದು. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ವಿಭಾಗದವರು ಡಿಸ್ಕ್2ವಿಎಚ್‌ಡಿ ಎಂಬ ಚಿಕ್ಕ ಸಾಧನ ಕೊಡುತ್ತಾರೆ, ಉಚಿತ. ಅದನ್ನು ಹಳೆಯ ಡೆಸ್ಕ್‌ಟಾಪ್‌ನಲ್ಲಿ ಓಡಿಸಿ. ಸಿ ಡ್ರೈವ್ ಮತ್ತು 'ಸಿಸ್ಟಂ ರಿಸರ್ವ್ಡ್' ಎಂಬ ಚಿಕ್ಕ ಭಾಗ ಎರಡನ್ನೂ ಆರಿಸಿ. ವಿಎಚ್‌ಡಿಎಕ್ಸ್ ಎಂಬ ಟಿಕ್ ತೆಗೆಯಿರಿ. ಹೊರಗಿನ ಹಾರ್ಡ್‌ಡಿಸ್ಕ್‌ಗೆ ಉಳಿಸಿ. ಆ ಒಂದು ಫೈಲಿನಲ್ಲಿ ನಿಮ್ಮ ವಿಂಡೋಸ್ 7, ಪೇಜ್‌ಮೇಕರ್, ನುಡಿ, ಫಾಂಟ್‌ಗಳು, ಬಿಲ್ಲಿಂಗ್, ಡೆಸ್ಕ್‌ಟಾಪ್ ಮೇಲಿನ ಐಕಾನ್‌ಗಳ ಸಾಲು ಕೂಡ ಇರುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಿ ಹೊಸ ಮಷೀನ್ ಮಾಡಿ ಆ ಫೈಲನ್ನೇ ಡಿಸ್ಕ್ ಆಗಿ ಕೊಡಿ. ಶುರುವಿನಲ್ಲೇ ನೀಲಿ ಪರದೆ ಬಂದರೆ ಗಾಬರಿ ಬೇಡ. ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಡಿಸ್ಕನ್ನು ಸಾಟಾದಿಂದ ಐಡಿಇಗೆ ಬದಲಿಸಿ ನೋಡಿ, ಹೆಚ್ಚಾಗಿ ಅಲ್ಲೇ ಇರುತ್ತದೆ ಕಾರಣ. ನಿಮ್ಮ ಡಾಸ್ ಪ್ರೋಗ್ರಾಂ ಆ ಡೆಸ್ಕ್‌ಟಾಪ್‌ನಲ್ಲಿ ನೇರವಾಗಿ ಓಡುತ್ತಿದೆ ಎಂದರೆ ಅದು 32 ಬಿಟ್ ವಿಂಡೋಸೇ ಇರಬೇಕು. ಹಾಗಾಗಿ ಒಳಗೂ ಓಡುತ್ತದೆ.

ಲೈಸೆನ್ಸ್ ಬಗ್ಗೆ ನೇರವಾಗಿ ಹೇಳಬೇಕು. ಡೆಸ್ಕ್‌ಟಾಪ್ ಜೊತೆಗೇ ಬಂದ ವಿಂಡೋಸ್ 7 ಆ ಯಂತ್ರಕ್ಕೆ ಕಟ್ಟಿಹಾಕಿದ್ದು, ಬೇರೆ ಕಡೆ ಒಯ್ಯುವ ಹಕ್ಕು ಅದಕ್ಕಿಲ್ಲ. ಬೇರೆಯಾಗಿ ಪೆಟ್ಟಿಗೆಯಲ್ಲಿ ಕೊಂಡದ್ದಾದರೆ ಒಯ್ಯಬಹುದು, ಹಳೆಯ ಕಡೆಯಿಂದ ತೆಗೆದರಾಯಿತು. ಎರಡೂ ರೀತಿಯಲ್ಲಿ, ಜಾಗ ಬದಲಾಯಿತೆಂದು ಅದು ಮತ್ತೆ ಆ್ಯಕ್ಟಿವೇಷನ್ ಕೇಳುತ್ತದೆ.

ಒಳಗಿನ ವಿಂಡೋಸ್ 7ಕ್ಕೆ ಇಂಟರ್ನೆಟ್ ಕೊಡಬೇಡಿ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 'ನಾಟ್ ಅಟ್ಯಾಚ್ಡ್' ಆರಿಸಿ. ಫೈಲ್ ಹಂಚಿಕೊಳ್ಳಲು ನೆಟ್‌ವರ್ಕ್ ಬೇಕಿಲ್ಲ, ಶೇರ್ಡ್ ಫೋಲ್ಡರ್ ಅದಿಲ್ಲದೆಯೂ ಕೆಲಸ ಮಾಡುತ್ತದೆ. ಪ್ರಿಂಟರ್‌ಗೂ ಕಷ್ಟಪಡಬೇಡಿ. ಒಳಗೆ ಪಿಡಿಎಫ್ ಮಾಡಿ, ಶೇರ್ಡ್ ಫೋಲ್ಡರ್‌ಗೆ ಹಾಕಿ, ವಿಂಡೋಸ್ 11ರಿಂದ ಪ್ರಿಂಟ್ ತೆಗೆಯಿರಿ. ಪಿಡಿಎಫ್ ಮಾಡುವಾಗ ಫಾಂಟ್ ಎಂಬೆಡ್ ಆಗಿದೆಯೇ, ಅಂದರೆ ಫೈಲಿನ ಒಳಗೇ ಸೇರಿದೆಯೇ ನೋಡಿ. ಆಗಿದ್ದರೆ ನುಡಿ ಫಾಂಟ್ ಇಲ್ಲದ ಆಫ್‌ಸೆಟ್ ಪ್ರೆಸ್‌ನಲ್ಲೂ ಒತ್ತಕ್ಷರ ಕೆಡುವುದಿಲ್ಲ. ಎಲ್ಲ ಸರಿಯಾಗಿ ನಡೆಯತೊಡಗಿದ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ನಾಳೆ ಏನು ಕೆಟ್ಟರೂ ಆ ಸ್ಥಿತಿಗೆ ಒಂದು ನಿಮಿಷದಲ್ಲಿ ಮರಳಬಹುದು. ಈ ಅನುಕೂಲ ನಿಮ್ಮ ಹಳೆಯ ಡೆಸ್ಕ್‌ಟಾಪ್‌ನಲ್ಲೂ ಇರಲಿಲ್ಲ.

ವರ್ಚುವಲ್ ಮಷೀನ್ ಸ್ವಲ್ಪ ನಿಧಾನ ಅನ್ನಿಸಬಹುದು. ವಿಂಡೋಸ್ 11ರ ಸುರಕ್ಷತೆಯ ಕೆಲವು ವ್ಯವಸ್ಥೆಗಳು ಹಿನ್ನೆಲೆಯಲ್ಲಿ ಅದೇ ತಂತ್ರವನ್ನು ಬಳಸುತ್ತಿರುತ್ತವೆ. ಅವನ್ನು ಆಫ್ ಮಾಡಿ ವೇಗ ಹೆಚ್ಚಿಸಿ ಎಂದು ಹೇಳುವವರಿದ್ದಾರೆ. ಪುಟ ಕಂಪೋಸ್ ಮಾಡುವ ಕೆಲಸಕ್ಕೆ ಅದು ಬೇಕಾಗುವುದಿಲ್ಲ, ಹಾಗೇ ಬಿಡಿ.

ಕನ್ನಡ ಟೈಪಿಂಗ್‌ನ ಶ್ರೀಲಿಪಿಯಂತೆ ಡಾಂಗಲ್ (ಲೈಸೆನ್ಸ್ ಇದೆ ಎಂದು ತೋರಿಸುವ ಚಿಕ್ಕ ಸಾಧನ) ಹಾಕಿ ಓಡಿಸುವ ತಂತ್ರಾಂಶ ಇಟ್ಟುಕೊಂಡವರಿಗೆ ಒಂದು ಮಾತು. ಹಳೆಯ ಡಾಂಗಲ್‌ನ ಡ್ರೈವರ್ ವಿಂಡೋಸ್ 11ರಲ್ಲಿ ಕೂರದಿರಬಹುದು, 'ಮೆಮೊರಿ ಇಂಟೆಗ್ರಿಟಿ' ಎಂಬ ರಕ್ಷಣೆ ಅಂಥವನ್ನು ತಡೆಯುತ್ತದೆ. ಮೊದಲು ತಯಾರಕರಲ್ಲಿ ಹೊಸ ಡ್ರೈವರ್ ಕೇಳಿ. ಸಿಗದಿದ್ದರೆ ಯುಎಸ್‌ಬಿ ಡಾಂಗಲನ್ನು ವರ್ಚುವಲ್ ಮಷೀನ್‌ಗೇ ದಾಟಿಸಬಹುದು, ಮೆನುವಿನಲ್ಲಿ ಡಿವೈಸಸ್ ಕೆಳಗೆ ಯುಎಸ್‌ಬಿ ಪಟ್ಟಿಯಲ್ಲಿ ಅದಕ್ಕೆ ಟಿಕ್ ಹಾಕಿದರೆ ಆಯಿತು. ಪ್ರಿಂಟರ್ ಪೋರ್ಟ್‌ಗೆ ಹಾಕುವ ತೀರಾ ಹಳೆಯ ಡಾಂಗಲ್ ಇದ್ದರೆ ಮಾತ್ರ ಆ ಡೆಸ್ಕ್‌ಟಾಪನ್ನೇ ಉಳಿಸಿಕೊಳ್ಳಬೇಕು.

ಸುರಕ್ಷತೆಯ ವಿಷಯವನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ನಿಮ್ಮದು ಬರೀ ನಿಮ್ಮ ಕಂಪ್ಯೂಟರ್ ಅಲ್ಲ. ದಿನವೂ ಎಷ್ಟು ಜನ ಪೆನ್‌ಡ್ರೈವ್ ತಂದು ಹಾಕುತ್ತಾರೆ! ಆಧಾರ್, ಅಂಕಪಟ್ಟಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡಿಸುತ್ತಾರೆ. ಶಾಲೆಯವರು ಪ್ರಶ್ನೆಪತ್ರಿಕೆಯನ್ನೇ ನಂಬಿ ಕೊಡುತ್ತಾರೆ. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ದುಡ್ಡು ಕೊಟ್ಟ ಸಂಸ್ಥೆಗಳಿಗೆ ಕೊಡುತ್ತಿದ್ದ ಅಪ್‌ಡೇಟ್‌ಗಳೂ 2023ರ ಜನವರಿಯಲ್ಲಿ ನಿಂತವು. ಅದರಲ್ಲಿ ಓಡುವ ಕ್ರೋಮ್ 109ಕ್ಕೆ ನಿಂತಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಜಗತ್ತಿನಾದ್ಯಂತ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತಲ್ಲ, ಆಗ ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ವಿಂಡೋಸ್ 7 ಯಂತ್ರಗಳು. ಅದನ್ನು ತಡೆಯುವ ಅಪ್‌ಡೇಟ್ ಅದೇ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. ಈಗ ಹಾಕಿಕೊಳ್ಳೋಣವೆಂದರೂ ವಿಂಡೋಸ್ 7ಕ್ಕೆ ಹೊಸ ಅಪ್‌ಡೇಟ್ ಬರುವುದಿಲ್ಲ. ಗಿರಾಕಿಗಳ ಪೆನ್‌ಡ್ರೈವ್ ತೆರೆಯುವುದು, ಆನ್‌ಲೈನ್ ಅರ್ಜಿ ತುಂಬುವುದು, ಮೇಲ್, ವಾಟ್ಸ್ಆ್ಯಪ್ ಎಲ್ಲ ವಿಂಡೋಸ್ 11ರಲ್ಲೇ ಆಗಲಿ. ಅಲ್ಲಿ ವೈರಸ್ ಸ್ಕ್ಯಾನ್ ಆದ ಫೈಲ್ ಮಾತ್ರ ಒಳಗಿನ ವಿಂಡೋಸ್ 7ಕ್ಕೆ ಹೋಗಲಿ.

ಹಾಗಾದರೆ ಹಳೆಯ ವಿಂಡೋಸನ್ನು ಯಂತ್ರಕ್ಕೇ ಹಾಕುವುದು ಎಲ್ಲೂ ಸರಿಯಲ್ಲವೇ? ಸರಿಯಾಗುವ ಕಡೆಗಳಿವೆ. ಕಸೂತಿ ಯಂತ್ರ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ, ಲಾರಿ ತೂಗುವ ವೇಬ್ರಿಡ್ಜ್, ಪ್ರಯೋಗಾಲಯದ ಉಪಕರಣ ಇಂಥವನ್ನು ಹಳೆಯ ಪೋರ್ಟ್ ಮತ್ತು ಹಳೆಯ ಡ್ರೈವರ್‌ನಿಂದಲೇ ನಡೆಸಬೇಕಾದಾಗ ವರ್ಚುವಲ್ ಮಷೀನ್ ಎಲ್ಲ ಸಲ ಕೈಹಿಡಿಯುವುದಿಲ್ಲ. ಆದರೆ ಆಗಲೂ ನಾನು ಹೊಸ ಲ್ಯಾಪ್‌ಟಾಪ್ ಕೆಡಿಸು ಎನ್ನುವುದಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಕಚೇರಿಗಳಲ್ಲಿ ಬಳಸಿದ ಹಳೆಯ ಲ್ಯಾಪ್‌ಟಾಪ್‌ಗಳು ಸಿಗುತ್ತವೆ. ವಿಂಡೋಸ್ 7 ಬೇಕಾದರೆ ಇಂಟೆಲ್ 5ನೇ ತಲೆಮಾರು ಅಥವಾ ಅದಕ್ಕಿಂತ ಹಿಂದಿನದನ್ನು ಹುಡುಕಿ. ಅದಕ್ಕೆ ಎಲ್ಲ ಡ್ರೈವರ್ ಇದ್ದವು. ಆ ಯಂತ್ರ ಇಂಟರ್ನೆಟ್ ಮುಟ್ಟದಿರಲಿ.

ವಿಂಡೋಸ್ 11ರ ನೋಟವೇ ಹಿಡಿಸುತ್ತಿಲ್ಲ ಎಂಬುದೂ ನಿಮ್ಮ ಮನಸ್ಸಿನಲ್ಲಿದ್ದರೆ, ಅದು ನ್ಯಾಯವಾದ ಬೇಸರವೇ. ಟಾಸ್ಕ್‌ಬಾರ್ ಸೆಟ್ಟಿಂಗ್‌ಗೆ ಹೋಗಿ ಐಕಾನ್‌ಗಳನ್ನು ಎಡಕ್ಕೆ ಸರಿಸಿ. ಹಳೆಯ ರೈಟ್ ಕ್ಲಿಕ್ ಮೆನು ಬೇಕಾದಾಗ ಶಿಫ್ಟ್ ಒತ್ತಿಕೊಂಡು ರೈಟ್ ಕ್ಲಿಕ್ ಮಾಡಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ಆಫ್ ಮಾಡಿ. 16 ಜಿಬಿ ರ‍್ಯಾಮ್ ಇರುವ ಯಂತ್ರ ಅದಾದ ಮೇಲೆ ಹಗುರವಾಗಿಯೇ ಓಡುತ್ತದೆ.

ಇಷ್ಟು ಓದಿಯೂ ಯಾರಾದರೂ ವಿಂಡೋಸ್ 10 ಹಾಕಿಸಲು ಹೊರಟರೆ, ಬಯಾಸ್ ಮುಟ್ಟುವ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ರಿಕವರಿ ಕೀ ಎಲ್ಲಿದೆ ನೋಡಿಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರುತ್ತದೆ, ಹೋಮ್ ಆವೃತ್ತಿಯಲ್ಲೂ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಎಂಬ ರಕ್ಷಣೆ ಆಫ್ ಮಾಡಿದ ಕೂಡಲೇ ಯಂತ್ರ 48 ಅಂಕಿಯ ಕೀ ಕೇಳಬಹುದು. ಅದಿಲ್ಲದಿದ್ದರೆ ಒಳಗಿನ ಫೈಲುಗಳು ಹೋದಂತೆಯೇ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ಎಸ್‌ಎಸ್‌ಡಿ ಕಾಣಲಿಲ್ಲವೆಂದು ಬಯಾಸ್‌ನಲ್ಲಿ ವಿಎಂಡಿ ಎಂಬ ಇಂಟೆಲ್‌ನ ಸ್ಟೋರೇಜ್ ಸೆಟ್ಟಿಂಗ್ ಆಫ್ ಮಾಡುವುದು ರೂಢಿ. ಹಾಗೆ ಮಾಡಿದರೆ ಈಗಿರುವ ವಿಂಡೋಸ್ 11 ಬೂಟ್ ಆಗದೆ ಹೋಗಬಹುದು. ಅದರ ಬದಲು ಇಂಟೆಲ್‌ನ ಸ್ಟೋರೇಜ್ ಡ್ರೈವರನ್ನು ಪೆನ್‌ಡ್ರೈವ್‌ನಿಂದ ಕೊಡುವುದು ಸರಿ. ಇಂಟೆಲ್ ಬಿಟ್ಟು ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್‌ನ ಲ್ಯಾಪ್‌ಟಾಪ್ ಕೊಂಡವರಿಗೆ ಈ ಪ್ರಶ್ನೆಯೇ ಇಲ್ಲ, ಅದರಲ್ಲಿ ವಿಂಡೋಸ್ 11 ಮಾತ್ರ ನಡೆಯುವುದು.

ಪೇಜ್‌ಮೇಕರ್ ಫೈಲುಗಳ ಮುಂದಿನ ದಾರಿಯನ್ನೂ ಈಗಲೇ ಯೋಚಿಸಿ. ಪುಟ ಜೋಡಿಸುವ ಇನ್ನೊಂದು ತಂತ್ರಾಂಶ ಇನ್‌ಡಿಸೈನ್‌ನ ಸಿಎಸ್6ರವರೆಗಿನ ಆವೃತ್ತಿಗಳು ಪೇಜ್‌ಮೇಕರ್ ಫೈಲ್ ತೆರೆಯುತ್ತಿದ್ದವು, ಆಮೇಲಿನವು ತೆರೆಯುವುದಿಲ್ಲ. ಉಚಿತ ತಂತ್ರಾಂಶ ಸ್ಕ್ರೈಬಸ್ ತೆರೆಯುತ್ತದೆ, ಆದರೆ ಪುಟದ ಜೋಡಣೆ ಅಲ್ಲಲ್ಲಿ ಕೆಡುತ್ತದೆ, ಕೈಯಿಂದ ತಿದ್ದಬೇಕು. ಹಳೆಯ ನುಡಿ ಫಾಂಟ್‌ನ ಪಠ್ಯವನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಬದಲಿಸುವ ಪರಿವರ್ತಕಗಳೂ ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಅಂಕಿ, ವಿರಾಮ ಚಿಹ್ನೆಗಳನ್ನು ಒಮ್ಮೆ ಓದಿ ನೋಡಲೇಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಕೂರಬೇಡಿ. ಪ್ರತಿ ವರ್ಷ ಮರಳಿ ಬರುವ ಕೆಲಸಗಳನ್ನು, ಅಂದರೆ ಶಾಲೆಗಳ ಫಾರಂ, ಬಿಲ್ ಬುಕ್, ಜಾತ್ರೆಯ ಕರಪತ್ರ ಇಂಥವನ್ನು ಬಂದಾಗ ಬಂದಾಗ ಯೂನಿಕೋಡ್‌ನಲ್ಲಿ ಹೊಸದಾಗಿ ಮಾಡಿಟ್ಟುಕೊಳ್ಳಿ.

ಇವತ್ತು ಮೊದಲು ಮಾಡಬೇಕಾದದ್ದು ಡಿಸ್ಕ್2ವಿಎಚ್‌ಡಿಯ ಕೆಲಸ. ಲ್ಯಾಪ್‌ಟಾಪ್ ವಿಷಯ ನಾಳೆಯಾದರೂ ನಡೆಯುತ್ತದೆ. ಹಳೆಯ ಡೆಸ್ಕ್‌ಟಾಪ್‌ನ ಹಾರ್ಡ್‌ಡಿಸ್ಕ್ ಅಷ್ಟು ವರ್ಷ ತಿರುಗಿದೆ, ಯಾವತ್ತು ನಿಲ್ಲುತ್ತದೋ ಹೇಳಲಾಗದು. ಆ ಫೈಲಿನ ಎರಡು ಪ್ರತಿ ಮಾಡಿ, ಒಂದು ಅಂಗಡಿಯಲ್ಲಿರಲಿ, ಒಂದು ಮನೆಯಲ್ಲಿ. ಡಿ ಡ್ರೈವ್‌ನಲ್ಲಿ ಕೆಲಸದ ಫೈಲುಗಳಿದ್ದರೆ ಅವನ್ನೂ ಬೇರೆಯಾಗಿ ಕಾಪಿ ಮಾಡಿ. ಮದುವೆ ಸೀಸನ್ ಶುರುವಾಗುವ ಮುಂಚೆ ಒಂದು ಲಗ್ನಪತ್ರಿಕೆಯನ್ನು ಪೂರ್ತಿ ಲ್ಯಾಪ್‌ಟಾಪ್‌ನಲ್ಲೇ ಕಂಪೋಸ್ ಮಾಡಿ, ಪಿಡಿಎಫ್ ತೆಗೆದು, ಪ್ರೆಸ್‌ಗೆ ಕಳಿಸಿ ನೋಡಿ. ಅಲ್ಲಿಯವರೆಗೆ ಡೆಸ್ಕ್‌ಟಾಪ್ ಮಾರಬೇಡಿ, ಫಾರ್ಮ್ಯಾಟೂ ಮಾಡಿಸಬೇಡಿ.